ವರ್ಷಕ್ಕೆ ಎರಡು ಅಂಕ

ಪಿಎಚ್‌ಡಿ ಮುಗಿದ ಮೇಲೂ ಸಂಶೋಧನೆಯ ಹುಚ್ಚು ಬಿಡದವರಿಗೆ ನಮ್ಮ ದೇಶ ಒಂದು ದರ ಕಟ್ಟಿದೆ: ವರ್ಷಕ್ಕೆ ಎರಡು ಅಂಕ. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಜಿಗಳನ್ನು ಸೋಸುವ ಕೋಷ್ಟಕವೊಂದಿದೆ. ಅದರಲ್ಲಿ ಪೋಸ್ಟ್ ಡಾಕ್ ಅಥವಾ ಪಾಠದ ಅನುಭವ, ಎರಡೂ ಸೇರಿ ಗರಿಷ್ಠ ಹತ್ತು ಅಂಕ. ಐದು ವರ್ಷ ದುಡಿದರೆ ಹತ್ತು; ಆರನೆಯ ವರ್ಷದ್ದು ದೇಶಸೇವೆ. ಅದೇ ಕೋಷ್ಟಕದಲ್ಲಿ, ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಗಿಟ್ಟಿಸಿದವರಿಗೆ ಏಳು. ಒಂದು ದಿನ ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಒತ್ತಿದ್ದು ಮೂರೂವರೆ ವರ್ಷದ ಪೋಸ್ಟ್ ಡಾಕ್‌ಗೆ ಸಮ. ಇಷ್ಟಕ್ಕೇ ಮುಗಿಯಲಿಲ್ಲ. ನಿಯಮಾವಳಿಯಲ್ಲೇ ಒಂದು ಷರಾ ಇದೆ: ಈ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ, ಆಯ್ಕೆ ನಡೆಯುವುದು ಸಂದರ್ಶನದ ಆಧಾರದ ಮೇಲೆ ಮಾತ್ರ. ಬಾಗಿಲಿಗೆ ಬರಲು ಐದು ವರ್ಷ, ಒಳಗೆ ಹೋದ ಮೇಲೆ ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಏನಾಗುತ್ತದೆಂದು ಬಲ್ಲವರು ಬರೆಯುವುದಿಲ್ಲ, ಬರೆಯುವವರನ್ನು ಒಳಗೆ ಕರೆಯುವುದಿಲ್ಲ.

ಹೀಗಿದ್ದರೂ ‘ಸರಿಯಾದ ಪೋಸ್ಟ್ ಡಾಕ್ ಆರಿಸಿಕೊಳ್ಳುವುದು ಹೇಗೆ’ ಎಂಬ ಉಪದೇಶಕ್ಕೆ ಬರವಿಲ್ಲ. ನಿಮ್ಮ ಆಸಕ್ತಿಯ ವಿಷಯ ನೋಡಿ, ಮಾರ್ಗದರ್ಶಕರ ಪ್ರಬಂಧಗಳನ್ನು ಓದಿ, ಹೊಸ ತಂತ್ರವೊಂದನ್ನು ಕಲಿಯಿರಿ ಎನ್ನುತ್ತಾರೆ ತಿಳಿದವರು. ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಎರಡು ಕೋಣೆಯ ಮನೆಯಲ್ಲಿ ಆಯ್ಕೆ ನಡೆಯುವ ರೀತಿಯೇ ಬೇರೆ. ಅಲ್ಲಿ ಅಮ್ಮ ಕೇಳುವ ಮೊದಲ ಪ್ರಶ್ನೆ, “ದಿನಾ ಹೋಗಿ ಬರುವಷ್ಟು ಹತ್ತಿರ ಉಂಟಾ?” ಈ ಮಾನದಂಡ ಸಾಮಾನ್ಯದ್ದಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್ ಹಾರ್ಬರ್ ಹಿಡಿದರೆ ಖಾರ್ಘರ್, ಅಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಕ್ಟ್ರೆಕ್. ಹಾಗಾದರೆ ಮಗಳ ಆಸಕ್ತಿ ಕ್ಯಾನ್ಸರ್ ಜೀವಶಾಸ್ತ್ರ. ಅದೇ ಗಾಡಿಯಲ್ಲಿ ಕೊನೆಯವರೆಗೆ ಕೂತರೆ ಪನ್ವೇಲ್, ಭಾರತೀಯ ಭೂಕಾಂತತ್ವ ಸಂಸ್ಥೆ. ಹಾಗಾದರೆ ಆಸಕ್ತಿ ಭೂಮಿಯ ಕಾಂತಕ್ಷೇತ್ರ. ಕೊಲಾಬಾದ ಟಿಐಎಫ್‌ಆರ್ ಬೇಡವೇ ಬೇಡ, ಸಿಎಸ್‌ಎಂಟಿಯಲ್ಲಿ ಇಳಿದ ಮೇಲೂ ಬಸ್ಸು ಹಿಡಿಯಬೇಕು. ಅಲ್ಲಿ ಪೋಸ್ಟ್ ಡಾಕ್ ಮಾಡುವವರನ್ನು ವಿಸಿಟಿಂಗ್ ಫೆಲೋ ಎನ್ನುತ್ತಾರಂತೆ. ಬಂದು ಹೋಗುವ ಅತಿಥಿಗಳು. ಹೆಸರಿಡುವುದರಲ್ಲಿಯಾದರೂ ಪ್ರಾಮಾಣಿಕತೆ ಇದೆ.

ಪನ್ವೇಲಿನ ಸಂಸ್ಥೆಯ ಪೂರ್ವಕಥೆ ಇಲ್ಲಿ ಹೇಳಲೇಬೇಕು. ಅದರ ಮೂಲ 1826ರ ಕೊಲಾಬಾ ವೀಕ್ಷಣಾಲಯ. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿದರೆ ಕಾಂತಮಾಪನ ಕೆಡುತ್ತದೆಂದು ಅದರ ನಿರ್ದೇಶಕ ನಾನಾಭಾಯ್ ಮೂಸ್ ಮುಂದಾಲೋಚಿಸಿ 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಆರಂಭಿಸಿದರು. ಉಪಕರಣಗಳಿಗೆ ನಗರದ ವಿದ್ಯುತ್ ಗಾಡಿ ಆಗಿಬರುವುದಿಲ್ಲ ಎಂಬುದು ನೂರಿಪ್ಪತ್ತು ವರ್ಷದ ಹಿಂದೆಯೇ ವಿಜ್ಞಾನಕ್ಕೆ ತಿಳಿದಿತ್ತು. ಮನುಷ್ಯರಿಗೂ ಆಗಿಬರುವುದಿಲ್ಲ ಎಂದು ತಿಳಿಯಲು ಇನ್ನೆಷ್ಟು ಕಾಲ ಬೇಕೋ. ಮೂಸ್ ಹೆಸರಿನಲ್ಲಿ ಆ ಸಂಸ್ಥೆಯಲ್ಲಿ ಪೋಸ್ಟ್ ಡಾಕ್ ಫೆಲೋಶಿಪ್ ಇದೆ. ಡೊಂಬಿವಲಿಯಿಂದ ಅದನ್ನು ಪಡೆದವರು ಬೆಳಗ್ಗೆ ಸಂಜೆ ವಿದ್ಯುತ್ ಗಾಡಿಯಲ್ಲಿ ಮೂವರ ಬೆಂಚಿನ ಫೋರ್ತ್ ಸೀಟಿನ ಅಂಚಿಗೆ ಆತುಕೊಂಡು ಹೋಗಿ, ವಿದ್ಯುತ್ ಗಾಡಿಯಿಂದ ತಪ್ಪಿಸಿಕೊಂಡ ವಿಜ್ಞಾನವನ್ನು ಮುಂದುವರಿಸಬೇಕು.

ರಸಾಯನಶಾಸ್ತ್ರದವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ ಎನ್ನಬಹುದು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮುಖ್ಯಮಂತ್ರಿಯೇ ಬಂದು ನೋಡಿ ಹೋದರು. ಇಷ್ಟು ಸಮೃದ್ಧ ಪ್ರಯೋಗಾಲಯ ಮನೆಯ ಬಾಗಿಲಲ್ಲೇ ಇರುವಾಗ ನಮ್ಮ ಹುಡುಗರು ರಸಾಯನಶಾಸ್ತ್ರದ ಪೋಸ್ಟ್ ಡಾಕ್‌ಗೆ ಇಸ್ರೇಲಿಗೂ ಕೊರಿಯಾಕ್ಕೂ ಹೋಗುತ್ತಾರೆ. ಎಂಐಡಿಸಿಯ ಕಾರ್ಖಾನೆಗಳಿಗೆ ಡಾಕ್ಟರೇಟ್ ಆದವರು ಬೇಡ. ಅವರು ಬಣ್ಣ ಏಕೆ ಬಂತೆಂದು ಕೇಳುತ್ತಾರೆ.

ಆಯ್ಕೆಯ ಎರಡನೆಯ ಹಂತ ಸೋದರಮಾವನದ್ದು. ಮಾವ ಕಲ್ಯಾಣದಲ್ಲಿ ಹೋಟೆಲಿಟ್ಟವರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಎಸ್‌ಎಸ್‌ಸಿ ಮಾಡಿದ ಪೀಳಿಗೆಯವರಾದ್ದರಿಂದ ಕಲಿಕೆಯ ಮೇಲೆ ಅವರಿಗಿರುವ ಗೌರವ ನಿಜವಾದದ್ದು. ಗಲ್ಲಾದಲ್ಲಿ ಕೂತೇ ವಿಚಾರಣೆ ಶುರುವಾಗುತ್ತದೆ.

“ಕಲಿತದ್ದು ಮುಗಿಯಿತಾ ಮಗಾ?”

“ಮುಗಿಯಿತು ಮಾವ. ಈಗ ಪೋಸ್ಟ್ ಡಾಕ್.”

“ಅದು ಪರೀಕ್ಷೆಯಾ, ಕೆಲಸವಾ?”

“ಕೆಲಸ. ತಿಂಗಳಿಗೆ 58 ಸಾವಿರ, ಮನೆಬಾಡಿಗೆ ಬೇರೆ.”

“ಅಡ್ಡಿಯಿಲ್ಲ. ಪಿಎಫ್ ಉಂಟಾ?”

“ಇಲ್ಲ.”

“ಎಷ್ಟು ವರ್ಷಕ್ಕೆ?”

“ಎರಡು.”

“ಮತ್ತೆ?”

“ಮತ್ತೆ ಇನ್ನೊಂದು ಪೋಸ್ಟ್ ಡಾಕ್.”

“ಸಂಬಳ ಒಂದನೇ ತಾರೀಕಿಗೆ ಬರ್ತದಾ?”

“ಗ್ರಾಂಟ್ ಬಂದಾಗ ಬರ್ತದೆ.”

ಮಾವ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟು, ಡ್ರಾಯರ್ ಮುಚ್ಚಿ, “ನಮ್ಮ ಟೇಬಲ್ ಒರೆಸುವ ಹುಡುಗನಿಗೆ ಹೀಗೆ ಹೇಳಿದರೆ ಅವ ನಾಳೆ ಎದುರಿನ ಹೋಟೆಲಿನಲ್ಲಿ ಇರ್ತಾನೆ” ಎನ್ನುತ್ತಾರೆ. ರಾಷ್ಟ್ರದ ವಿಜ್ಞಾನ ನೀತಿಯ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಯಾವ ಸಂಪಾದಕೀಯದಲ್ಲೂ ಓದಿಲ್ಲ.

ಆ 58 ಸಾವಿರ ಬಾಯಿಗೆ ಬಂದ ಸಂಖ್ಯೆಯಲ್ಲ. ಕೇಂದ್ರದ ಯೋಜನೆಗಳಲ್ಲಿ ಪೋಸ್ಟ್ ಡಾಕ್ ಆದವರನ್ನು ರಿಸರ್ಚ್ ಅಸೋಸಿಯೇಟ್ ಎನ್ನುತ್ತಾರೆ. 2023ರ ಪರಿಷ್ಕರಣೆಯ ಬಳಿಕ ಮೂರು ಮೆಟ್ಟಿಲಿಗೆ 58, 61 ಮತ್ತು 67 ಸಾವಿರ. ಅದಕ್ಕೆ ಮೊದಲು, 2019ರಿಂದ, ಮೊದಲ ಮೆಟ್ಟಿಲಿಗೆ 47 ಸಾವಿರ ಇತ್ತು. ಹೆಚ್ಚಿಸಿದ್ದೂ ಸಂಶೋಧಕರು ಬೀದಿಗಿಳಿದು ಕೇಳಿದ ಮೇಲೆ. ಕಾಗದದ ಮೇಲಿನ ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಅದು ಕಾಗದದಿಂದ ಬ್ಯಾಂಕಿಗೆ ಬರುವ ಹಾದಿ ಕಸಾರಾ ಘಾಟಿಗಿಂತ ಕಡಿದು. ಬಳಕೆ ಪ್ರಮಾಣಪತ್ರ ಹೋಗಬೇಕು, ಲೆಕ್ಕಪತ್ರ ವಿಭಾಗದವರು ರಜೆಯಿಂದ ಬರಬೇಕು, ಆರ್ಥಿಕ ವರ್ಷ ಮುಗಿಯಬೇಕು. ಈ ನಡುವೆ ಹಣ ಕೊಡುತ್ತಿದ್ದ ಎಸ್‌ಇಆರ್‌ಬಿ ಎಂಬ ಮಂಡಳಿಯನ್ನೇ 2023ರ ಕಾಯ್ದೆಯ ಮೂಲಕ ಅನುಸಂಧಾನ ಪ್ರತಿಷ್ಠಾನದೊಳಗೆ ಸೇರಿಸಿಬಿಟ್ಟರು. ಫಲಕ ಬದಲಾಯಿತು, ಲಾಂಛನ ಬದಲಾಯಿತು. ಖಾತೆಯಲ್ಲಿ ಹಣ ಬಂತೇ ಎಂದು ದಿನಕ್ಕೆ ನಾಲ್ಕು ಸಲ ಮೊಬೈಲು ನೋಡುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಮೂರನೆಯ ಹಂತ ವಯಸ್ಸು. ರಾಷ್ಟ್ರೀಯ ಪೋಸ್ಟ್ ಡಾಕ್ ಫೆಲೋಶಿಪ್ಪಿಗೆ ವಯೋಮಿತಿ 35. ಮಹಿಳೆಯರಿಗೆ ಐದು ವರ್ಷದ ರಿಯಾಯಿತಿ. ನಮ್ಮ ದೊಡ್ಡಮ್ಮ ಚಿಕ್ಕಮ್ಮಂದಿರ ಲೆಕ್ಕದಲ್ಲಿ ಹುಡುಗಿಯರಿಗೆ ಐದು ವರ್ಷ ಕಡಿತ. ಸರ್ಕಾರ ಕೊಟ್ಟದ್ದನ್ನು ಸಂಬಂಧಿಕರು ವಸೂಲಿ ಮಾಡಿಕೊಳ್ಳುವ ಈ ವ್ಯವಸ್ಥೆಯಲ್ಲಿ ಉಳಿಯುವುದೇನೆಂದು ಗಣಿತದ ಪಿಎಚ್‌ಡಿ ಆದವಳೇ ಹೇಳಬೇಕು.

ಡೊಂಬಿವಲಿಯವರಿಗೆ ಪೋಸ್ಟ್ ಡಾಕ್ ಎಂದರೇನೆಂದು ವಿವರಿಸುವುದು ಸುಲಭ. ಬೆಳಗ್ಗೆ ಮುಂಬೈ ಕಡೆಯ ಗಾಡಿಯಲ್ಲಿ ಕಾಲಿಡಲೂ ಜಾಗವಿಲ್ಲದ್ದರಿಂದ ನಮ್ಮಲ್ಲಿ ಹಲವರು ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುತ್ತಾರೆ, ಅಲ್ಲಿ ಸೀಟು ಹಿಡಿದು, ಅದೇ ಗಾಡಿಯಲ್ಲಿ ಮರಳಿ ಡೊಂಬಿವಲಿ ದಾಟುತ್ತಾರೆ. ಕೂತುಕೊಂಡು ಮುಂದೆ ಹೋಗಲು ಒಮ್ಮೆ ಹಿಂದೆ ಹೋಗಬೇಕು. ಜ್ಯೂರಿಕ್‌ಗೋ ಸೋಲ್‌ಗೋ ಹೋಗುವುದು ಮುಂಬೈ ವಿಶ್ವವಿದ್ಯಾಲಯದ ಕಲೀನಾದಲ್ಲಿ ಕೂರಲು. ವ್ಯತ್ಯಾಸವೊಂದೇ. ಕಲ್ಯಾಣಕ್ಕೆ ಹೋದ ಗಾಡಿ ಮರಳಿ ಬರುತ್ತದೆಂದು ವೇಳಾಪಟ್ಟಿಯಲ್ಲಿ ಅಚ್ಚಾಗಿರುತ್ತದೆ.

ವೇಳಾಪಟ್ಟಿಯ ಮಾತು ಬಂದದ್ದರಿಂದ ಇದನ್ನೂ ನೆನೆಯಬೇಕು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಪಿಎಚ್‌ಡಿ ಕಡ್ಡಾಯ ಎಂದು 2018ರಲ್ಲಿ ಯುಜಿಸಿ ಹೇಳಿತು. ಜಾರಿ 2021ರ ಜುಲೈಯಿಂದ. ಆಮೇಲೆ 2023ರ ಜುಲೈಗೆ ಮುಂದೂಡಿತು. ಆ ಜುಲೈ ಬಂದಾಗ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು ಎಂದಿತು. ಐದು ವರ್ಷ ಆ ಕಡ್ಡಾಯವನ್ನು ನಂಬಿ ಪ್ರಬಂಧ ಬರೆದವರಿಗೆ ಪಿಎಚ್‌ಡಿ ಕೈಗೆ ಬರುವ ಹೊತ್ತಿಗೆ ಕಡ್ಡಾಯವೇ ಹೊರಟುಹೋಗಿತ್ತು. ಅವರ ಮುಂದೆ ಉಳಿದ ದಾರಿ ಎರಡು: ಪೋಸ್ಟ್ ಡಾಕ್, ಅಥವಾ ಮಹಾರಾಷ್ಟ್ರದ ಕಾಲೇಜುಗಳಲ್ಲಿ ಎಲ್ಲರೂ ಬಲ್ಲ ಸಿಎಚ್‌ಬಿ. ತಾಸಿಗೆ ಇಷ್ಟೆಂದು ಲೆಕ್ಕ, ರಜೆಯಲ್ಲಿ ಸಂಬಳವಿಲ್ಲ. ಬೇಸಿಗೆಯಲ್ಲಿ ಮೇಷ್ಟ್ರಿಗೆ ಹಸಿವಾಗುವುದಿಲ್ಲ ಎಂಬ ಶಾಸ್ತ್ರೀಯ ಸಿದ್ಧಾಂತದ ಮೇಲೆ ಈ ವ್ಯವಸ್ಥೆ ನಿಂತಿದೆ.

ಕನ್ನಡದಲ್ಲಿ ಪಿಎಚ್‌ಡಿ ಮಾಡಿದವರು ತಮಗೆ ಪೋಸ್ಟ್ ಡಾಕ್ ಇಲ್ಲವೆಂದು ಕೊರಗಬೇಕಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಡಿ.ಲಿಟ್ ಇದೆ. ಇನ್ನೊಂದು ಪ್ರಬಂಧ ಬರೆಯಬಹುದು, ಖರ್ಚು ನಿಮ್ಮದೇ. ಅದೂ ಬೇಡವೆಂದರೆ ನಮ್ಮ ಸಂಘಗಳು ಇವೆ. ಕಲೀನಾದ ಕನ್ನಡ ವಿಭಾಗದಿಂದ ಒಬ್ಬರು ಡಾಕ್ಟರೇಟ್ ಪಡೆದ ಸುದ್ದಿ ಬಂದರೆ ಸಾಕು, ಠಾಣೆಯಿಂದ ನೆರೂಲ್‌ವರೆಗೆ ಶಾಲು ಹಿಡಿದು ಕಾಯುವವರಿದ್ದಾರೆ. ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ. ಹಾರ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನ ಮಾನಪತ್ರ. ಅದನ್ನು ಓದುವವರು ಪ್ರಬಂಧದ ಶೀರ್ಷಿಕೆಯನ್ನು ಎರಡು ಸಲ ತಪ್ಪಿ ಮೂರನೆಯ ಸಲ ಬಿಟ್ಟುಬಿಡುತ್ತಾರೆ. “ಇವರು ನಮ್ಮ ಸಮಾಜದ ಹೆಮ್ಮೆ” ಎನ್ನುವ ಅಧ್ಯಕ್ಷರಿಗೆ ಒಂದು ಶಾಲೆಯೋ ಕಾಲೇಜೋ ನಡೆಸುವ ಟ್ರಸ್ಟಿನಲ್ಲಿ ಪರಿಚಯವಿರುತ್ತದೆ. ಅಲ್ಲಿ ಕೆಲಸವಿದೆಯೇ ಎಂದು ವೇದಿಕೆಯ ಮೇಲೆ ಕೇಳುವುದು ಸಭ್ಯತೆಯಲ್ಲ, ಇಳಿದ ಮೇಲೆ ಕೇಳಲು ಅಧ್ಯಕ್ಷರು ಸಿಗುವುದಿಲ್ಲ. ಒಂದೆರಡು ವರ್ಷದಲ್ಲಿ ಮನೆಯ ಕಪಾಟಿನಲ್ಲಿ ಪುಸ್ತಕಕ್ಕಿಂತ ಶಾಲು ಹೆಚ್ಚಾಗುತ್ತದೆ. ಶಾಲಿಗೆ ಯುಜಿಸಿ ಅಂಕ ಕೊಡುವುದಿಲ್ಲ, ಇದು ದೊಡ್ಡ ಅನ್ಯಾಯ.

ವಿದೇಶಕ್ಕೆ ಹೋಗುವವರಿಗೆ ನಮ್ಮ ಹಿರಿಯ ಪ್ರಾಧ್ಯಾಪಕರು ಎರಡು ಉದಾಹರಣೆ ಕೊಡುತ್ತಾರೆ. ಒಂದು ಹರಗೋವಿಂದ ಖೊರಾನಾ. 1948ರಲ್ಲಿ ಜ್ಯೂರಿಕ್‌ಗೆ ಹೋಗಿ ಸಂಬಳವಿಲ್ಲದೆ ಪೋಸ್ಟ್ ಡಾಕ್ ಮಾಡಿದರು, 1968ರಲ್ಲಿ ನೊಬೆಲ್ ಬಂತು. ಇನ್ನೊಂದು ನಮ್ಮವರೇ ಆದ ಸಿ.ಎನ್.ಆರ್. ರಾವ್. 1958ರಲ್ಲಿ ಪರ್ಡ್ಯೂದಲ್ಲಿ ಡಾಕ್ಟರೇಟ್, ಬರ್ಕ್ಲಿಯಲ್ಲಿ ಒಂದಿಷ್ಟು ಸಂಶೋಧನೆ, 1959ಕ್ಕೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕ. ಪ್ರಾಧ್ಯಾಪಕರು ಖೊರಾನಾ ಕಥೆ ಹೇಳುವುದು ಸಂಬಳ ತಡವಾದಾಗ, ರಾವ್ ಕಥೆ ಹೇಳುವುದು ಕೆಲಸ ಸಿಗದಾಗ. ಖೊರಾನಾ ಭಾರತದಲ್ಲಿ ಕೆಲಸ ಸಿಗದೆ ಮತ್ತೆ ಇಂಗ್ಲೆಂಡಿಗೆ ಹೋದರು ಎಂಬ ಮಧ್ಯದ ಪುಟವನ್ನು ಯಾರೂ ಓದುವುದಿಲ್ಲ. ರಾವ್ ಮರಳಿದಾಗ ಅವರನ್ನು ತೆಗೆದುಕೊಳ್ಳಲು ಒಂದು ಸಂಸ್ಥೆಯಲ್ಲಿ ಖಾಲಿ ಹುದ್ದೆ ಇತ್ತು ಎಂಬುದನ್ನೂ.

ಇಂದು ಖಾಲಿ ಹುದ್ದೆಗಳಿಗೆ ಬರವಿಲ್ಲ, ಬರ ಇರುವುದು ಭರ್ತಿಗೆ. ಅದಕ್ಕೇ ಅಷ್ಟೊಂದು ಇಮೇಲುಗಳು ಹಾರುತ್ತವೆ. ‘ರೆಸ್ಪೆಕ್ಟೆಡ್ ಪ್ರೊಫೆಸರ್’ ಎಂದು ಆರಂಭವಾಗಿ, ನಿಮ್ಮ ಕೆಲಸ ನನಗೆ ಬಾಲ್ಯದಿಂದಲೂ ಸ್ಫೂರ್ತಿ ಎಂದು ಮುಂದುವರಿಯುವ ಪತ್ರ. ನಾಲ್ಕನೆಯ ಸಾಲಿನಲ್ಲಿ ಹಿಂದಿನ ಪ್ರೊಫೆಸರರ ಹೆಸರು ಅಳಿಸದೆ ಉಳಿದಿರುತ್ತದೆ. ‘ನಾನು ರಜೆಯಲ್ಲಿದ್ದೇನೆ’ ಎಂಬ ತನ್ನಷ್ಟಕ್ಕೇ ಬರುವ ಉತ್ತರವನ್ನು ಮನೆಯವರಿಗೆಲ್ಲ ತೋರಿಸಿ, ಜರ್ಮನಿಯಿಂದ ಉತ್ತರ ಬಂತು ಎಂದವರನ್ನು ನಾನು ಬಲ್ಲೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಹೋಗುವವರನ್ನು ತಡೆಯುವುದು ನನ್ನ ಉದ್ದೇಶವಲ್ಲ; ಸಂಶೋಧನೆ ಬೇಕೆಂದೇ ಹೋಗುವವರು ಇದ್ದಾರೆ, ಅವರಿಂದಲೇ ವಿಜ್ಞಾನ ನಡೆಯುತ್ತಿದೆ. ಆದರೆ ಒಪ್ಪಿಗೆಯ ಪತ್ರ ಬರೆಯುವ ಮುನ್ನ ಆ ಲ್ಯಾಬಿನಿಂದ ಕಳೆದ ಐದು ವರ್ಷದಲ್ಲಿ ಹೊರಬಂದವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ: ಈಗ ಎಲ್ಲಿದ್ದೀರಿ, ಕೊನೆಯ ಆರು ತಿಂಗಳ ಹಣ ಬಂತಾ? ಪ್ರೊಫೆಸರರನ್ನು ಕೇಳಬೇಡಿ, ಅವರಿಗೆ ಎರಡೂ ಗೊತ್ತಿರುವುದಿಲ್ಲ.