ವಿಷಯಸೂತ್ರವೂ ಪುಸ್ತಕದ ಉಗ್ರಾಣವೂ

ಅಮೆರಿಕದ ಪ್ರೌಢಶಾಲೆಗಳ ಇಂಗ್ಲಿಷ್ ತರಗತಿಗಳಲ್ಲಿ ಒಂದೇ ವಿಷಯದ ಸುತ್ತ ಕಾದಂಬರಿ, ಕಥೆ, ಕವಿತೆಗಳನ್ನು ಹೆಣೆದು ಕೆಲವು ವಾರ ಕಲಿಸುವ ಪಾಠಗುಚ್ಛಕ್ಕೆ ‘ಥೀಮ್ಯಾಟಿಕ್ ಯೂನಿಟ್’ ಎಂಬ ಘನವಾದ ಹೆಸರಿದ್ದು, ಮಕ್ಕಳು ಕೊನೆಗೆ ಏನನ್ನು ಅರಿತಿರಬೇಕೆಂಬುದನ್ನು ಮೊದಲು ನಿಶ್ಚಯಿಸಿ ಆಮೇಲೆ ಪಾಠಗಳನ್ನು ಹೊಂದಿಸಬೇಕೆಂದು 1998ರಲ್ಲಿ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ವ್ಯವಹಾರದಲ್ಲಿ ಮಾತ್ರ ಎಲ್ಲವೂ ಆರಂಭವಾಗುವುದು ಶಾಲೆಯ ಪುಸ್ತಕದ ಉಗ್ರಾಣದಲ್ಲಿ. ಬೆನ್ನು ಕಿತ್ತು, ಟೇಪು ಅಂಟಿಸಿಕೊಂಡು, ಅಂಚಿನಲ್ಲಿ ಮೀಸೆಯ ಚಿತ್ರಗಳನ್ನು ಹೊತ್ತ ಆರ್ವೆಲ್ಲನ ‘1984’ ತರಗತಿಗೆ ಸಾಲುವಷ್ಟು ಸಿಕ್ಕರೆ, ಆ ವರ್ಷದ ವಿಷಯ ‘ಡಿಸ್ಟೋಪಿಯ’, ಅಂದರೆ ಕೆಟ್ಟ ಕನಸಿನಂಥ ಸಮಾಜದ ಕಲ್ಪನೆ, ಎಂದು ತಾನಾಗಿಯೇ ಸಿದ್ಧವಾಗುತ್ತದೆ. ‘ರೋಮಿಯೊ ಮತ್ತು ಜೂಲಿಯೆಟ್’ ಅಂತೂ ಯಾವ ಪಲ್ಯಕ್ಕೂ ಒಗ್ಗುವ ಆಲೂಗಡ್ಡೆ: ಪ್ರೇಮ, ವಿಧಿ, ಮನೆತನದ ಹಗೆ, ಹಿರಿಯರ ಮಾತು ಕೇಳದ ಪರಿಣಾಮ, ಎಲ್ಲದಕ್ಕೂ ಒದಗುತ್ತದೆ.

ಅಭಿವ್ಯಕ್ತಿ ಸ್ವಾತಂತ್ರ್ಯವೆಂಬ ವಿಷಯಕ್ಕೆ, ಪುಸ್ತಕ ಸುಡುವ ಆಡಳಿತವನ್ನು ಚಿತ್ರಿಸುವ ರೇ ಬ್ರ್ಯಾಡ್ಬರಿಯ ‘ಫ್ಯಾರನ್‌ಹೀಟ್ 451’ (1953) ಬಹುಮಟ್ಟಿಗೆ ಖಾಯಂ ಅತಿಥಿ. ಅದರದೇ 1967ರ ಶಾಲಾ ಆವೃತ್ತಿಯಲ್ಲಿ ಪ್ರಕಾಶಕರು ಬೈಗುಳಗಳನ್ನು ಸದ್ದಿಲ್ಲದೆ ಕತ್ತರಿಸಿದ್ದು, ಲೇಖಕನಿಗೆ ಅದು ತಿಳಿಯಲು ಹನ್ನೆರಡು ವರ್ಷ ಹಿಡಿಯಿತೆಂಬುದು ಯಾವ ಪಾಠಯೋಜನೆಗೂ ಹೊಳೆಯದ ಉತ್ತಮ ಪ್ರಾತ್ಯಕ್ಷಿಕೆ. ಇಂಥ ಪಾಠಗುಚ್ಛದ ಮುಡಿಗೆ ‘ಸಾರಭೂತ ಪ್ರಶ್ನೆ’, ಎಂದರೆ ಒಂದೇ ಸರಿಯುತ್ತರವಿಲ್ಲದ ಪ್ರಶ್ನೆ, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಇದು ಪರೀಕ್ಷೆಗೆ ಬರುತ್ತದೆಯೇ ಎಂಬ ವಿದ್ಯಾರ್ಥಿಗಳ ಪ್ರತಿಪ್ರಶ್ನೆಗಾದರೋ ಒಂದೇ ಸರಿಯುತ್ತರವಿದ್ದು, ಶಿಕ್ಷಕರು ಅದನ್ನು ಕೊನೆಯ ವಾರದವರೆಗೆ ಬಿಟ್ಟುಕೊಡುವುದಿಲ್ಲ.