ಬಾಕ್ಸ್‌ಕಾರ್ ಶಾಸ್ತ್ರ ಪ್ರವೇಶಿಕೆ

ಬಾಕ್ಸ್‌ಕಾರ್ ಎಂದರೆ ಅಮೆರಿಕದ ಗೂಡ್ಸ್ ರೈಲಿನ ಮುಚ್ಚಿದ ಡಬ್ಬಿ. ನಾಲ್ಕು ಗೋಡೆ, ಒಂದು ಚಾವಣಿ, ಎರಡೂ ಪಕ್ಕಕ್ಕೆ ಜಾರುಬಾಗಿಲು, ಕೆಳಗೆ ಎಂಟು ಗಾಲಿ. ಗೋಧಿ, ಕಾಗದ, ಸಿಮೆಂಟು, ಕುರ್ಚಿ, ಏನನ್ನಾದರೂ ತುಂಬಿ ಎಲ್ಲಿಗಾದರೂ ಕಳಿಸಬಹುದಾದ, ಯಾರೂ ಎರಡನೆಯ ಸಲ ತಿರುಗಿ ನೋಡದ ವಾಹನ ಇದು. ಇದನ್ನು ಎರಡನೆಯ ಸಲ, ಇನ್ನೂರನೆಯ ಸಲ, ಭೂತಗನ್ನಡಿ ಹಿಡಿದು ನೋಡುವ ವಿದ್ಯೆಯೊಂದಿದೆ. ಆಟಿಕೆಯ ಗಾತ್ರದ ಡಬ್ಬಿಯನ್ನು ಅಸಲಿನ ತದ್ರೂಪವಾಗಿ ಕಟ್ಟುವುದು ಅದರ ಗುರಿ.

ಈ ವಿದ್ಯೆಯ ಉಪಾಸಕರು ಮನೆಯ ನೆಲಮಾಳಿಗೆಯಲ್ಲಿ ಪುಟ್ಟ ರೈಲು ಓಡಿಸುವ, ಮಿಕ್ಕ ಎಲ್ಲ ವಿಷಯಗಳಲ್ಲೂ ವಿವೇಕಿಗಳೆನಿಸಿಕೊಂಡ ವಯಸ್ಕರು. ಅವರು ಹೆಚ್ಚಾಗಿ ಬಳಸುವ ಎಚ್‌ಒ ಅಳತೆಯಲ್ಲಿ ಅಸಲಿನ ಒಂದಡಿ ಮಾದರಿಯಲ್ಲಿ 3.5 ಮಿಲಿಮೀಟರ್. ನಲವತ್ತಡಿಯ ಡಬ್ಬಿ 14 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದಂಗುಲದ ರಿವೆಟ್ ತಲೆ 0.3 ಮಿಲಿಮೀಟರ್ ಕೂಡ ಇರುವುದಿಲ್ಲ. ಆ ತಲೆಗಳನ್ನು ಎಣಿಸುವವರೂ ಇದ್ದಾರೆ. ಹೊರಗಿನವರು ಅವರನ್ನು ಗೇಲಿಗಾಗಿ ‘ರಿವೆಟ್ ಎಣಿಸುವವರು’ ಎನ್ನುತ್ತಾರೆ. ಅವರು ಅದನ್ನೇ ಬಿರುದೆಂದು ಹೊತ್ತು ತಿರುಗುತ್ತಾರೆ. ಈ ಪ್ರವೇಶಿಕೆಯ ಕರ್ತೃವೂ ಎಣಿಸಿದವನೇ ಎಂಬುದನ್ನು ಇಲ್ಲೇ ಸಣ್ಣ ದನಿಯಲ್ಲಿ ಹೇಳಿ ಮುಂದೆ ಸಾಗುವುದು ಕ್ಷೇಮ.

ಮೊದಲ ಪಾಠ ವರ್ಗೀಕರಣ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ರೈಲುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಾಗ, 1918ರಲ್ಲಿ, ಎಲ್ಲ ಕಂಪನಿಗಳಿಗೂ ಒಂದೇ ತೆರನ ಡಬ್ಬಿಗಳಿರಲಿ ಎಂದು ನಕ್ಷೆ ಹಾಕಿಸಿತು. 1924ರಿಂದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಕ್ಸ್29 ಎಂಬ ಉಕ್ಕಿನ ಡಬ್ಬಿಗಳನ್ನು ಸಾವಿರಗಟ್ಟಲೆ ಹಳಿಗಿಳಿಸಿತು. 1937ರಲ್ಲಿ ರೈಲು ಕಂಪನಿಗಳ ಒಕ್ಕೂಟ ಹತ್ತಡಿ ಒಳಎತ್ತರದ ಇನ್ನೊಂದು ಪ್ರಮಾಣಿತ ನಕ್ಷೆ ತಂದಿತು. 1947ರಲ್ಲಿ ಪುಲ್‌ಮನ್-ಸ್ಟ್ಯಾಂಡರ್ಡ್ ಕಾರ್ಖಾನೆಯ ಪಿಎಸ್-1 ಬಂತು. ಅದರ ಪಕ್ಕದ ಗೋಡೆಗಳು ಬೆಸುಗೆಯವು. ರಿವೆಟ್ ಎಣಿಸುವವರಿಗೆ ಅಲ್ಲಿ ಕೆಲಸವೇ ಉಳಿಯದೆ, ಅವರು ಬೆಸುಗೆಯ ಗೆರೆಗಳತ್ತ ಹೊರಳಿದರು.

ಒಂದೇ ತೆರ ಎಂದದ್ದು ಕಾಗದದ ಮೇಲೆ ಮಾತ್ರ. ತುದಿಗೋಡೆ ಮರ್ಫಿಯದೋ ಡ್ರೆಡ್‌ನಾಟ್ ಬಗೆಯದೋ, ಬಾಗಿಲು ಯಂಗ್ಸ್‌ಟೌನಿನದೋ ಸುಪೀರಿಯರ್‌ನದೋ, ಕೈಬ್ರೇಕಿನ ಚಕ್ರ ಏಜಾಕ್ಸೋ ಮೈನರೋ ಎಂಬುದರಲ್ಲಿ ಒಂದೊಂದು ಕಂಪನಿಗೂ ಒಂದೊಂದು ಹಟ. ಹತ್ತಡಿಯ ಡಬ್ಬಿಯೂ ಹತ್ತೂವರೆ ಅಡಿಯ ಡಬ್ಬಿಯೂ ಬೇರೆ ಬೇರೆ. ಮಾದರಿಯಲ್ಲಿ ಈ ವ್ಯತ್ಯಾಸ 1.75 ಮಿಲಿಮೀಟರ್. ಇದನ್ನು ಗುರುತಿಸಲಾರದವರಿಗೆ ಶಾಸ್ತ್ರದೊಳಗೆ ಪ್ರವೇಶವಿಲ್ಲ. ಗುರುತಿಸಬಲ್ಲವರ ಮಾತಿಗೆ ಮನೆಯೊಳಗೆ ಕಿವಿಯಿಲ್ಲ.

ಎರಡನೆಯ ಪಾಠ ಆಕರ. ‘ಆಫೀಷಿಯಲ್ ರೈಲ್ವೆ ಇಕ್ವಿಪ್‌ಮೆಂಟ್ ರಿಜಿಸ್ಟರ್’ ಎಂಬ ದಪ್ಪ ಪುಸ್ತಕದಲ್ಲಿ ಪ್ರತಿಯೊಂದು ಕಂಪನಿಯ ಡಬ್ಬಿಗಳ ನಂಬರ್ ಸರಣಿ, ಒಳ ಅಳತೆ, ಬಾಗಿಲಿನ ಅಗಲ ಎಲ್ಲವೂ ಇರುತ್ತವೆ. ಸರಕು ಕಳಿಸುವ ಗುಮಾಸ್ತರಿಗಾಗಿ ಅಚ್ಚಾದ ಈ ಪುಸ್ತಕವನ್ನು ಗುಮಾಸ್ತರು ಬೇಕಾದಾಗ ತೆರೆದು ಮುಚ್ಚಿದರು. ಸಂಶೋಧಕರು ರಾತ್ರಿ ಹಾಸಿಗೆಯಲ್ಲಿ ಮೊದಲ ಪುಟದಿಂದ ಓದುತ್ತಾರೆ. ಬಣ್ಣಕ್ಕೂ ಚಾವಣಿಗೂ ಇರುವ ದೊಡ್ಡ ಆಸರೆ ಜ್ಯಾಕ್ ಡೆಲಾನೋ. ಎರಡನೆಯ ಮಹಾಯುದ್ಧದ ನಡುವೆ, 1942-43ರ ಚಳಿಗಾಲದಲ್ಲಿ, ಆತ ಸರ್ಕಾರದ ಪರವಾಗಿ ಷಿಕಾಗೋದ ಪ್ರೊವೈಸೊ ಯಾರ್ಡನ್ನು ಎತ್ತರದಲ್ಲಿ ನಿಂತು ಕೊಡಾಕ್ರೋಮ್ ಫಿಲ್ಮಿನಲ್ಲಿ ಸೆರೆಹಿಡಿದ. ಆ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಮಾದರಿ ರೈಲನ್ನು ಎಲ್ಲರೂ ನೋಡುವುದು ಮೇಲಿನಿಂದ, ಅಸಲು ರೈಲಿನ ಫೋಟೋ ತೆಗೆದವರೆಲ್ಲ ನಿಂತದ್ದು ನೆಲದ ಮೇಲೆ. ಹಾಗಾಗಿ ಚಾವಣಿಯನ್ನು ಕಂಡ ಕ್ಯಾಮೆರಾಕ್ಕೆ ಈ ಪಂಥದಲ್ಲಿ ನಿತ್ಯಪೂಜೆ.

ಮಿಕ್ಕ ಫೋಟೋಗ್ರಾಫರುಗಳ ಬಗ್ಗೆ ಹೀಗೆ ಹೇಳುವಂತಿಲ್ಲ. ಅವರ ಕಣ್ಣು ಎಂಜಿನ್ನಿನ ಮೇಲೆ. ಹೊಗೆ, ಹಬೆ, ಗಾಲಿ ಎಲ್ಲ ನಿಚ್ಚಳವಾಗಿ ಬಂದ ಚಿತ್ರದ ಅಂಚಿನಲ್ಲಿ ಬೇಕಾದ ಡಬ್ಬಿ ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಅಪರೂಪಕ್ಕೆ ಡಬ್ಬಿ ಪೂರ್ತಿ ಸಿಕ್ಕಿತೋ, ಅದರ ಮುಂದೆ ಯಾರದೋ ಚಿಕ್ಕಪ್ಪ ಹಲ್ಲು ಬಿಟ್ಟು ನಿಂತಿರುತ್ತಾನೆ.

ಚಿಕ್ಕಪ್ಪನ ಪ್ರಕರಣ ಸ್ವಲ್ಪ ವಿಸ್ತರಣೆಗೆ ಅರ್ಹ. ಡಬ್ಬಿಯ ಗೋಡೆಗೆ ಹಚ್ಚಿದ ಏಣಿಗೆ ಏಳು ಮೆಟ್ಟಿಲೋ ಎಂಟೋ ಎಂಬುದು ತಿಳಿಯಬೇಕಿದೆ ಎಂದುಕೊಳ್ಳೋಣ. ಎರಡು ಬಗೆಯೂ ಇದ್ದವು. ಏಣಿಯ ತುದಿ ಚಿತ್ರದ ಚೌಕಟ್ಟಿನಿಂದ ಹೊರಗಿದೆ. ಕಾಣುವ ಭಾಗಕ್ಕೆ ಒರಗಿ ಚಿಕ್ಕಪ್ಪ ನಿಂತಿದ್ದಾನೆ. ಅವನ ಎತ್ತರ ನಾಲ್ಕು ಮೆಟ್ಟಿಲಂತರ. ಏಳು ಮೆಟ್ಟಿಲಿನ ಏಣಿಯಾದರೆ ಅಂತರ 19 ಅಂಗುಲ, ಚಿಕ್ಕಪ್ಪ ಆರಡಿ ನಾಲ್ಕಂಗುಲದ ಆಜಾನುಬಾಹು. ಎಂಟು ಮೆಟ್ಟಿಲಾದರೆ ಅಂತರ ಹದಿನಾರು ಚಿಲ್ಲರೆ, ಚಿಕ್ಕಪ್ಪ ಐದಡಿ ಐದಂಗುಲದ ಸಾಮಾನ್ಯ ಸಂಸಾರಿ. ಮೆಟ್ಟಿಲ ಲೆಕ್ಕ ಸಿಗಲು ಚಿಕ್ಕಪ್ಪನ ಎತ್ತರ ಬೇಕು. ಎತ್ತರ ಸಿಗಲು ಮೆಟ್ಟಿಲ ಲೆಕ್ಕ ಬೇಕು. ಇಲ್ಲಿಗೆ ರೈಲಿನ ಅಧ್ಯಯನ ನಿಂತು ಚಿಕ್ಕಪ್ಪನ ಅಧ್ಯಯನ ಆರಂಭವಾಗುತ್ತದೆ. ತಲೆಯ ಮೇಲಿನ ಟೋಪಿ ಎಷ್ಟಂಗುಲ? ಕಾಲಡಿಯ ಜಲ್ಲಿ ಎಷ್ಟು ಇಳಿಜಾರು? ಮುಂಗಾಲಿನ ಮೇಲೆ ನಿಂತು ಎತ್ತರ ತೋರಿಸಿಕೊಳ್ಳುವ ಸ್ವಭಾವ ಅವನ ವಂಶದಲ್ಲಿತ್ತೇ? ದಾರಿಯೇ ಇಲ್ಲವೆಂದಲ್ಲ. ಎರಡನೆಯ ಮಹಾಯುದ್ಧಕ್ಕಾಗಿ ಗಂಡಸರನ್ನು ಸೇನೆಗೆ ನೋಂದಾಯಿಸಿಕೊಂಡಾಗ ಚೀಟಿಯ ಹಿಂಬದಿಯಲ್ಲಿ ಎತ್ತರ, ತೂಕ, ಕಣ್ಣಿನ ಬಣ್ಣ ಬರೆದುಕೊಳ್ಳುತ್ತಿದ್ದರು. ಆ ಚೀಟಿಗಳನ್ನು ದಫ್ತರಖಾನೆಗಳಲ್ಲಿ ಕಾಪಿಟ್ಟಿದ್ದಾರೆ. ಹಿಟ್ಲರನನ್ನು ಸೋಲಿಸಲೆಂದು ಬರೆದಿಟ್ಟ ಚೀಟಿಯಿಂದ ಏಣಿಗೆ ಎಂಟು ಮೆಟ್ಟಿಲೆಂದು ತೀರ್ಮಾನವಾದ ದಿನ ಸಂಶೋಧಕ ಊಟ ಬಿಟ್ಟು ಎದ್ದು ಓಡಾಡುತ್ತಾನೆ. ಚಿಕ್ಕಪ್ಪನ ಕಣ್ಣು ನೀಲಿ ಎಂಬ ಹೆಚ್ಚುವರಿ ಮಾಹಿತಿಯನ್ನೂ ಅವನು ಕಡತದಲ್ಲಿ ಸೇರಿಸಿಡುತ್ತಾನೆ, ಯಾವುದಕ್ಕೂ ಇರಲಿ ಎಂದು.

ಆ 19 ಅಂಗುಲ ಯಾವ ಎಂಜಿನಿಯರನ ಅಭಿರುಚಿಯೂ ಅಲ್ಲ, ಕಾನೂನು. 19ನೆಯ ಶತಮಾನದಲ್ಲಿ ಡಬ್ಬಿಗಳನ್ನು ಜೋಡಿಸಲು ಆಳುಗಳು ನಡುವೆ ನಿಂತು ಕೊಂಡಿಯಲ್ಲಿ ಮೊಳೆ ಇಳಿಸಬೇಕಿತ್ತು. ಬೆರಳಿಲ್ಲದ ಕೈಯೇ ಹಳೆಯ ಕೆಲಸಗಾರನ ಗುರುತಾಗಿತ್ತು. ಬ್ರೇಕು ಬಿಗಿಯಲು ಓಡುವ ರೈಲಿನ ಚಾವಣಿಯ ಮೇಲೆ, ಮಂಜು ಕಟ್ಟಿದ ಹಲಗೆಯ ಮೇಲೆ ನಡೆಯಬೇಕಿತ್ತು. ಅಯೋವದ ಲೊರೆಂಜೊ ಕಾಫಿನ್ ಎಂಬ ರೈತ ಇದರ ವಿರುದ್ಧ ವರ್ಷಗಟ್ಟಲೆ ಊರೂರು ಸುತ್ತಿ ಜಗಳವಾಡಿದ. ಸ್ವಯಂಚಾಲಿತ ಕೊಂಡಿ, ಗಾಳಿ ಬ್ರೇಕುಗಳನ್ನು ಕಡ್ಡಾಯ ಮಾಡಿದ ಕಾನೂನಿಗೆ 1893ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿದರು. 1911ರ ನಿಯಮಗಳು ಏಣಿಯ ಮೆಟ್ಟಿಲಂತರ 19 ಅಂಗುಲ ಮೀರಬಾರದು, ಕೈಹಿಡಿಕೆಯ ಸರಳು ಅಂಗುಲದ ಎಂಟರಲ್ಲಿ ಐದು ಪಾಲಿಗಿಂತ ತೆಳುವಾಗಬಾರದು ಎಂದು ಗೊತ್ತುಮಾಡಿದವು. ಎಚ್‌ಒ ಅಳತೆಯಲ್ಲಿ ಆ ಸರಳು 0.18 ಮಿಲಿಮೀಟರ್. ತಂತಿ ತುಸು ದಪ್ಪವಾಯಿತೆಂದು ಒಬ್ಬರ ಮೇಲೊಬ್ಬರು ಹರಿಹಾಯುವ ಪಂಡಿತರಲ್ಲಿ, ಸರಳು ಅಲ್ಲಿಗೆ ಬಂದದ್ದೇಕೆ ಎಂದು ಕೇಳುವವರು ಕಡಿಮೆ.

ಮೂರನೆಯ ಪಾಠ ಬ್ರೇಕು, ಬೇಗ ಮುಗಿಯುವಂಥದು. 1933ರ ಹೊತ್ತಿಗೆ ಹಳೆಯ ಕೆ ಬಗೆಯ ಜಾಗಕ್ಕೆ ಎಬಿ ಬಗೆ ಬಂತು. ಎಬಿಯಲ್ಲಿ ಗಾಳಿತೊಟ್ಟಿ, ಸಿಲಿಂಡರ್, ಕವಾಟ ಮೂರೂ ಬೇರೆ ಬೇರೆ. ಅವುಗಳನ್ನು ಕೂಡಿಸುವ ಕೊಳವೆಗಳನ್ನೆಲ್ಲ ಮಾದರಿಯ ತಳದಲ್ಲಿ ಎಳೆಯಬೇಕು. ಡಬ್ಬಿ ಹಳಿಯ ಮೇಲೆ ಕೂತ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ಮನೆಗೆ ಬಂದ ಅತಿಥಿಗೆ ಸಂಶೋಧಕ ಡಬ್ಬಿಯನ್ನು ಬೋರಲು ಹಾಕಿಯೇ ಪರಿಚಯಿಸುವುದು ಇದೇ ಕಾರಣಕ್ಕೆ.

ನಾಲ್ಕನೆಯದು ಬಣ್ಣ. ಅಗ್ಗವಾಗಿ ಸಿಗುತ್ತಿದ್ದ ಕಬ್ಬಿಣದ ಆಕ್ಸೈಡಿನ ಕೆಂಪು-ಕಂದು ಬಣ್ಣವೇ ಬಹುಪಾಲು ಡಬ್ಬಿಗಳಿಗೆ. ನಿಖರವಾಗಿ ಯಾವ ಕೆಂಪು ಎಂದು ಪೆನ್ಸಿಲ್ವೇನಿಯಾ ರೈಲ್‌ರೋಡಿನ ಕಾಗದಪತ್ರ ತೆಗೆದರೆ, ಅಲ್ಲಿ ಆ ಬಣ್ಣದ ಹೆಸರೇ ‘ಗೂಡ್ಸ್ ಡಬ್ಬಿಯ ಬಣ್ಣ’. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನು ಕಾಣಲಾರದೆ ಕಪ್ಪಾಗಿ ತೋರಿಸುವುದರಿಂದ ಫೋಟೋ ಕೂಡ ನೆರವಿಗೆ ಬಾರದು. ಜೊತೆಗೆ ಬಿಸಿಲು, ಮಸಿ, ಮಳೆ ಸೇರಿ ಒಂದೇ ದಿನ ಬಳಿದ ಎರಡು ಡಬ್ಬಿಗಳನ್ನು ವರ್ಷದೊಳಗೆ ಎರಡು ಬಣ್ಣ ಮಾಡುತ್ತವೆ. ಆದ್ದರಿಂದ ಬಣ್ಣದ ವಿಷಯದಲ್ಲಿ ಎಲ್ಲ ಪಕ್ಷಗಳೂ ಗೆಲ್ಲುತ್ತವೆ, ಯಾವ ವಾದವೂ ಮುಗಿಯುವುದಿಲ್ಲ.

ಕೊನೆಯದು ಅಕ್ಷರ. ಕಂಪನಿಯ ಹೆಸರು, ನಂಬರ್, ಹೊರುವ ಭಾರದ ಮಿತಿ, ಖಾಲಿ ತೂಕ. ಅದರ ಪಕ್ಕದಲ್ಲಿ ತೂಗಿದ ಸ್ಥಳದ ಸಂಕೇತ, ತಿಂಗಳು, ವರ್ಷ. ನೆಲಮಾಳಿಗೆಯ ರೈಲು 1948ರ ಸೆಪ್ಟೆಂಬರಿನದಾದರೆ ಅಕ್ಟೋಬರಿನಲ್ಲಿ ತೂಗಿದ ಡಬ್ಬಿ ಅಲ್ಲಿ ಓಡುವಂತಿಲ್ಲ. ಸ್ಯಾಂಟಾ ಫೇ ಕಂಪನಿಯ ಡಬ್ಬಿಗಳಲ್ಲಿ ಇನ್ನೂ ಒಂದು ತೊಡಕುಂಟು: 1940ರ ದಶಕದಲ್ಲಿ ಅವುಗಳ ಒಂದು ಪಕ್ಕದಲ್ಲಿ ಕಂಪನಿಯ ಹಳಿಗಳ ನಕಾಶೆ, ಇನ್ನೊಂದು ಪಕ್ಕದಲ್ಲಿ ‘ಸೂಪರ್ ಚೀಫ್’, ‘ಎಲ್ ಕ್ಯಾಪಿಟನ್’ ಮುಂತಾದ ಅದರ ಪ್ರಯಾಣಿಕ ರೈಲುಗಳ ಹೆಸರು. ನೋಡುವವರು ನಿಲ್ಲುವುದು ಒಂದೇ ಪಕ್ಕದಲ್ಲಿ. ನಕಾಶೆಯನ್ನು ಅವರ ಕಡೆಗೆ ತಿರುಗಿಸಬೇಕೋ ಹೆಸರನ್ನೋ ಎಂಬುದಕ್ಕೆ ಯಾವ ಆಕರದಲ್ಲೂ ವಿಧಿಯಿಲ್ಲ. ಇದೊಂದನ್ನು ಮಾತ್ರ ಸಂಶೋಧಕ ತನ್ನ ಇಷ್ಟದಂತೆ ಮಾಡಿಕೊಳ್ಳಬಹುದು.