ಡಲ್ಲಾಸಿನ ಸೂರು, ಇಳಕಲ್ಲಿನ ತೀರ್ಪು

ಅಮೆರಿಕದಲ್ಲಿ ನೆಲೆಸಿದ ಬಾಗಲಕೋಟೆ ಸೀಮೆಯ ಕುಟುಂಬಗಳಲ್ಲಿ ಚಾವಣಿ ಆರಿಸುವವರು ಇಬ್ಬರು: ಸಾಲದ ಕಂತು ಕಟ್ಟುವ ಮಗ, ಆರು ತಿಂಗಳ ಮಟ್ಟಿಗೆ ಬಂದಿರುವ ಅಪ್ಪ. ಸಹಿ ಮಾಡುವುದು ಮಗನ ಪಾಲಿಗೆ, ಮಾತಾಡುವುದು ಅಪ್ಪನ ಪಾಲಿಗೆ.

ಅಪ್ಪನ ಮಾತಿಗೆ ಆಧಾರವಿಲ್ಲದಿಲ್ಲ. ಇಳಕಲ್, ಹುನಗುಂದ ಕಡೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಒಂದಡಿಯಷ್ಟು ಮಣ್ಣು. ಮಿರಗದ ಮಳೆಗೆ ಮುಂಚೆ ಹುಲ್ಲು ಕಿತ್ತು, ಸವಳು ಮಣ್ಣು ಹೊತ್ತು ಹಾಕಿ ತುಳಿದು, ಹರನಾಳಿಗೆಯ ಬಾಯಿ ಬಿಡಿಸಿದರೆ ಆ ವರ್ಷದ ರಿಪೇರಿ ಮುಗಿಯಿತು. ಸವಳು ಮಣ್ಣು ನೀರು ಬಿದ್ದೊಡನೆ ಬಿಗಿದುಕೊಂಡು ಹನಿಯನ್ನು ಕೆಳಗಿಳಿಯಗೊಡುವುದಿಲ್ಲ. ವರ್ಷಕ್ಕೆ ಸುಮಾರು 560 ಮಿಲಿಮೀಟರ್ ಮಳೆ ಕಾಣುವ ಸೀಮೆಗೆ ಇಷ್ಟು ಸಾಕು. ಸಾಲದಿದ್ದಾಗ ಸೋರುತ್ತದೆ. ಸೋರುವ ಮಾಳಿಗೆಯಿಂದ ಶಿಶುನಾಳ ಷರೀಫರು ತತ್ವಪದ ಕಟ್ಟಿದರು; ಉಳಿದವರು ಕೆಳಗೆ ಪಾತೇಲಿ ಇಟ್ಟರು.

ಇದಕ್ಕೂ ಹಿಂದಿನ ಪಾಠ ಐಹೊಳೆಯಲ್ಲಿದೆ. ಅಲ್ಲಿನ ಲಾಡಖಾನ ಗುಡಿಯ ಇಳಿಜಾರು ಚಾವಣಿಯಲ್ಲಿ ಹಾಸುಗಲ್ಲುಗಳು ಕೂಡುವ ಪ್ರತಿ ಸಂದಿಯ ಮೇಲೂ ಉದ್ದನೆಯ ಕಲ್ಲಿನ ಪಟ್ಟಿ ಕೂಡಿಸಿದ್ದಾರೆ. ಚಾಲುಕ್ಯರ ಶಿಲ್ಪಿಗಳಿಗೆ ಗೊತ್ತಿದ್ದುದು ಇಂದಿಗೂ ನಿಜ: ನೀರು ಹಾಸಿನಿಂದ ಬರುವುದಕ್ಕಿಂತ ಸಂದಿಯಿಂದ ಬರುವುದೇ ಹೆಚ್ಚು. ಡಲ್ಲಾಸಿನಲ್ಲಿ ಚಿಮಣಿಯ ಸುತ್ತ, ಎರಡು ಇಳಿಜಾರು ಕೂಡುವ ಕಡೆ ಮಡಿಸಿ ಹೊಡೆದ ತಗಡು ಈ ಕೆಲಸ ಮಾಡುತ್ತದೆ. ಅದಕ್ಕೆ ಫ್ಲಾಶಿಂಗ್ ಎನ್ನುತ್ತಾರೆ. ಚಾವಣಿ ಸೋರಿದರೆ ಮೊದಲು ನೋಡಬೇಕಾದದ್ದು ಅದನ್ನೇ.

ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಸ್ಫಾಲ್ಟ್ ಶಿಂಗಲ್: ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಬಳಿದು, ಮೇಲೆ ಸಣ್ಣ ಕಲ್ಲಿನ ಹರಳು ಉದುರಿಸಿದ್ದು. ಡಾಂಬರನ್ನು ಬಿಸಿಲಿನಿಂದ ಕಾಯುವುದು ಆ ಹರಳುಗಳೇ. ಅವು ಗಟರಿನಲ್ಲಿ ರಾಶಿಯಾಗಿ ಬಿದ್ದಿದ್ದರೆ ಚಾವಣಿಗೆ ಮುಪ್ಪು ಬಂತೆಂದು ತಿಳಿಯಬೇಕು. ಈ ವಿವರಣೆ ಮುಗಿಯುವ ಮೊದಲೇ ಅಪ್ಪನ ಪ್ರಶ್ನೆ ಬರುತ್ತದೆ.

“ತಮ್ಮಾ, ರಸ್ತಾಕ್ಕ ಹಾಕೂ ಡಾಂಬರ ಮನೀ ಮ್ಯಾಲ ಯಾಕ ಹಾಕ್ಯಾರ?”

“ಮೂವತ್ತು ವರ್ಷದ ಗ್ಯಾರಂಟಿ ಐತಪಾ.”

“ನಮ್ಮ ಮುತ್ಯಾ ಹಾಕಿಸಿದ ತೊಲಿ ಇನ್ನೂ ಐತಿ. ಗ್ಯಾರಂಟಿ ಯಾರೂ ಕೊಟ್ಟಿದ್ದಿಲ್ಲ.”

ಶಿಂಗಲ್ ಬೇಡವಾದರೆ ಲೋಹದ ಚಾವಣಿ ಉಂಟು. ನಲವತ್ತು ವರ್ಷ ಮೀರಿ ಬಾಳುತ್ತದೆ, ಬೆಲೆಯೂ ಹಾಗೇ. ಆದರೆ ಬಾಗಲಕೋಟೆಯ ಕಣ್ಣಿಗೆ ಅದು ಪತ್ರಾಸು, ಪತ್ರಾಸು ದನದ ಕೊಟ್ಟಿಗೆಯದು. “ಪತ್ರಾಸ ಹಾಕಿದ ಮನೀಗೆ ಹೆಣ್ಣ ಯಾರು ಕೊಡತಾರ?” ಎಂಬ ಚಿಂತೆ ಅಪ್ಪನಿಗೆ ಹತ್ತುತ್ತದೆ. ಮೊಮ್ಮಗ ಆಗಿನ್ನೂ ಮೂರನೇ ಇಯತ್ತೆ. ಹಂಚು ಭಾರ, ಅದಕ್ಕೆಂದೇ ಗಟ್ಟಿ ಮಾಡಿದ ಚೌಕಟ್ಟು ಬೇಕು. ಮಾಳಿಗೆಯ ಮಣ್ಣನ್ನು ಯಾರೂ ಸೂಚಿಸದಿರುವುದೇ ಒಳ್ಳೆಯದು: ನೂರು ಚದರಡಿಗೆ ಒಂದಡಿ ಮಣ್ಣೆಂದರೆ ನಾಲ್ಕು ಟನ್ ದಾಟುತ್ತದೆ, ಅಷ್ಟೇ ಜಾಗದ ಶಿಂಗಲ್ ನೂರು ಕಿಲೋದ ಆಸುಪಾಸು. ಎರಡಡಿ ದಪ್ಪದ ಕಲ್ಲಿನ ಗೋಡೆ ಹೊರುವುದನ್ನು ಟೆಕ್ಸಾಸಿನ ಕಟ್ಟಿಗೆ ಮನೆ ಹೊರಲಾರದು.

ಟೆಕ್ಸಾಸಿನಲ್ಲಿ ನಿಜವಾದ ಪರೀಕ್ಷೆ ವಸಂತದ ಆಲಿಕಲ್ಲಿನದು. ಶಿಂಗಲ್‌ಗಳಲ್ಲಿ ನಾಲ್ಕನೇ ವರ್ಗದ್ದೆಂದರೆ ಎರಡು ಇಂಚಿನ ಉಕ್ಕಿನ ಗುಂಡನ್ನು ಇಪ್ಪತ್ತಡಿ ಎತ್ತರದಿಂದ ಬಿಟ್ಟರೂ ಬಿರಿಯದ್ದು. ಸ್ವಲ್ಪ ತುಟ್ಟಿಯಾದರೂ ಹಲವು ವಿಮಾ ಕಂಪನಿಗಳು ಅದಕ್ಕೆ ಕಂತು ಇಳಿಸುತ್ತವೆ. ಆಲಿಕಲ್ಲು ಬಿದ್ದ ಮರುದಿನ ಏಣಿ ಹೊತ್ತ ಗುತ್ತಿಗೆದಾರರು ಬಾಗಿಲಿಗೆ ಬಂದು, ವಿಮೆಯಲ್ಲಿ ಮನೆಯವರು ಕೊಡಬೇಕಾದ ಪಾಲನ್ನು ತಾವೇ ಬಿಟ್ಟುಕೊಡುವುದಾಗಿ ಹೇಳುವುದುಂಟು. 2019ರಿಂದ ಟೆಕ್ಸಾಸಿನಲ್ಲಿ ಅದು ಅಪರಾಧ. ಇಲ್ಲಿ ಮಾತ್ರ ಅಪ್ಪನ ಬುದ್ಧಿ ಪೂರಾ ಉಪಯೋಗಕ್ಕೆ ಬರುತ್ತದೆ. ಇಳಕಲ್ಲಿನಲ್ಲಿ ಸೀರೆಯನ್ನೂ ಮೂರು ಅಂಗಡಿ ತಿರುಗದೆ ಕೊಳ್ಳದವರು ಮೂರು ಕಡೆಯ ಅಂದಾಜುಪಟ್ಟಿ ಬರೆಸಿಕೊಳ್ಳದೆ ಸಹಿ ಹಾಕಗೊಡುವುದಿಲ್ಲ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಬಡಾವಣೆಯ ಮನೆಮಾಲೀಕರ ಸಂಘ ಒಪ್ಪಿದ ಕಂದು, ಬೂದಿಯ ನಾಲ್ಕಾರು ಛಾಯೆಗಳಲ್ಲೇ ಒಂದನ್ನು ಆರಿಸಬೇಕು. ಇಳಕಲ್ಲಿನ ಗ್ರಾನೈಟಿನ ಕೆಂಪು ಆ ಪಟ್ಟಿಯಲ್ಲಿ ಇರುವುದಿಲ್ಲ.

ಯಾವ ವಸ್ತು ಹಾಕಿಸಿದರೂ ಅವ್ವನ ತಕರಾರು ಉಳಿಯುತ್ತದೆ. ಮಾಳಿಗೆಯೆಂದರೆ ಆಕೆಗೆ ಬೇಸಿಗೆಯಲ್ಲಿ ಮಲಗುವ, ಮೆಣಸಿನಕಾಯಿ ಹರವುವ, ಶ್ಯಾವಿಗೆ ಒಣಗಿಸುವ, ಪಕ್ಕದ ಮಾಳಿಗೆಯವಳ ಜೊತೆ ಹರಟುವ ಜಾಗ. ಶಿಂಗಲ್ ಚಾವಣಿಯ ಮೇಲೆ ಹತ್ತಲೇಬಾರದು: ಇಳಿಜಾರಿನಲ್ಲಿ ಕಾಲು ಜಾರುತ್ತದೆ, ಬಿಸಿಲಿಗೆ ಮೆತ್ತಗಾದ ಡಾಂಬರಿನಿಂದ ಹರಳು ಕಿತ್ತು ಬರುತ್ತವೆ. ಪರೀಕ್ಷಿಸುವುದಿದ್ದರೆ ನೆಲದ ಮೇಲೆ ನಿಂತು ದುರ್ಬೀನಿನಲ್ಲಿ ನೋಡಬೇಕು, ವರ್ಷಕ್ಕೆ ಎರಡು ಸಲ ಗಟರಿನ ಎಲೆ ತೆಗೆಸಬೇಕು. ಸಂಡಿಗೆಗೆ ಹಿತ್ತಲಿನ ಡೆಕ್ಕೇ ಸರಿ. ಅಳಿಲು ಮುಟ್ಟದಂತೆ ಮೇಲೊಂದು ಸೊಳ್ಳೆಪರದೆ ಹೊದಿಸಿರಬೇಕು.